ಕೈ ಒಂದೇ, ಕಾಲು ಎಷ್ಟು?

ಸೈಲೆನ್ಸರಿನ ಬಾಯಿಗೆ ಕಿರುಬೆರಳು ಹಾಕಿ ಒಂದು ಸುತ್ತು ತಿರುಗಿಸಿ ಹೊರಗೆ ತೆಗೆದು, ಅದನ್ನು ಮೂಗಿನ ಹತ್ತಿರ ಹಿಡಿದಾಗ ಅವರ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ತೆರೆದೇ ಇರುತ್ತಿದ್ದ ಬಲಗಣ್ಣು ಗಾಡಿಯನ್ನು ನೋಡುತ್ತಿರಲಿಲ್ಲ, ಗಾಡಿ ಮಾರಲು ನಿಂತವನ ಮುಖವನ್ನು ನೋಡುತ್ತಿತ್ತು. ಹಣೆಯಲ್ಲಿ ಬೆಳಗಿನ ಗಂಧ, ಕಿವಿಯ ಸಂದಿಯಲ್ಲಿ ಒಂದು ಎಸಳು ತುಳಸಿ, ಬೆರಳ ತುದಿಯಲ್ಲಿ ಎಂಜಿನ್ನಿನ ಕರಿ. ಆ ಕರಿಯನ್ನು ತಮ್ಮ ಪಂಚೆಗೆ ತಾಗಿಸದೆ, ಮಾರುವವನ ಗಾಡಿಯ ಸೀಟಿಗೇ ಒರೆಸಿ, "ಎಣ್ಣೆ ಕುಡೀತಿದೆಯಲ್ಲಯ್ಯ ನಿನ್ನ ಗಾಡಿ" ಎನ್ನುತ್ತಿದ್ದರು.

ಹೊಳೆನರಸೀಪುರದಲ್ಲಿ ನಾನು ಬಾಡಿಗೆಗಿದ್ದ ಎರಡು ಕೋಣೆಯ ಮನೆ ಅವರದು. ಬೀದಿಯ ಕಡೆಯ ಭಾಗದಲ್ಲಿ ಅವರಿದ್ದರು, ಹಿತ್ತಿಲ ಕಡೆಯದು ನನಗೆ. ಅದೇ ಬೀದಿಯ ತುದಿಯಲ್ಲಿದ್ದ ಚಿಕ್ಕ ಗುಡಿಯ ಪೂಜೆ ಅವರ ಮನೆತನಕ್ಕೆ ಬಂದದ್ದು. ಊರಿನವರು ಅರ್ಚಕರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ, ಇಲ್ಲೂ ಹಾಗೇ ಕರೆಯುತ್ತೇನೆ. ಆ ಗುಡಿಗೆ ಜನ ಬರುತ್ತಿದ್ದುದು ಹೆಚ್ಚಾಗಿ ಗಾಡಿ ಪೂಜೆಗೆ. ಹೊಸದೋ ಹಳೆಯದೋ, ಗಾಡಿ ಕೊಂಡವರು ಮೊದಲು ಅಲ್ಲಿಗೆ ತಂದು, ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸಿ, ಕಾಯಿ ಒಡೆಸಿಕೊಂಡು ಹೋಗುತ್ತಿದ್ದರು. ತಮಾಷೆಯೆಂದರೆ ಅರ್ಚಕರಿಗೆ ಸೈಕಲ್ ಕೂಡ ಓಡಿಸಲು ಬರುತ್ತಿರಲಿಲ್ಲ. ಎಡ ಮಂಡಿ ಮಡಚುತ್ತಿರಲಿಲ್ಲವಾದ್ದರಿಂದ ಆ ಕಾಲನ್ನು ಚಾಚಿಕೊಂಡೇ ಕೂರುತ್ತಿದ್ದರು, ಪೂಜೆಯನ್ನು ನಿಂತೇ ಮಾಡುತ್ತಿದ್ದರು.

ಗಾಡಿ ಬಂತೆಂದರೆ ಪೂಜೆಗೆ ಮುಂಚೆ ತಪಾಸಣೆ. ಮಂಗಳಾರತಿ ತಟ್ಟೆಯನ್ನು ಎಂಜಿನ್ನಿನ ಕೆಳಗೆ ಹಿಡಿದು ಬಗ್ಗಿ ನೋಡುವರು. ಪೆಟ್ರೋಲ್ ಟ್ಯಾಂಕಿನ ಬುಡದಲ್ಲಿ ಕರ್ಪೂರ ಉರಿಯುವುದನ್ನು ಕಂಡು ಗಾಡಿಯವರು ಕಣ್ಣು ಮುಚ್ಚಿ ಕೈಮುಗಿಯುತ್ತಿದ್ದರು. ದೂರದಿಂದ ನೋಡಿದವರಿಗೆ ಅದು ಭಕ್ತಿಯಂತೆ ಕಾಣುತ್ತಿತ್ತು. ಎಲ್ಲಾದರೂ ವೆಲ್ಡಿಂಗ್ ಗುರುತು ಕಂಡಿತೋ, ಕಾಯಿ ಒಡೆಯುತ್ತಿರಲಿಲ್ಲ. "ಮೊದಲು ಇದನ್ನ ಸರಿಯಾಗಿ ಮಾಡಿಸ್ಕೊಂಡು ಬಾರಯ್ಯ. ದೇವರೇನೂ ಎಲ್ಲಿಗೂ ಹೋಗಲ್ಲ, ಇಲ್ಲೇ ಇರ್ತಾನೆ" ಎಂದು ಕಾಯಿಯನ್ನು ವಾಪಸ್ ಕೈಗಿಡುತ್ತಿದ್ದರು.

ಹಳೇ ಗಾಡಿ ಮಾರುವವರಿಗೆ ಒಂದು ಮಾತು ರೂಢಿ: "ಒಂದೇ ಕೈ ಗಾಡಿ." ಮೊದಲಿಂದಲೂ ಒಬ್ಬನೇ ಮಾಲೀಕ ಎಂದರ್ಥ. ಆ ಮಾತು ಕಿವಿಗೆ ಬಿದ್ದರೆ ಸಾಕು, ಅರ್ಚಕರು ಕೇಳುತ್ತಿದ್ದರು: "ಕೈ ಒಂದೇ, ಸರಿ. ಕಾಲು ಎಷ್ಟು?" ಕಾಗದದಲ್ಲಿ ಒಬ್ಬನ ಹೆಸರಿರಬಹುದು, ಒದ್ದು ಸ್ಟಾರ್ಟ್ ಮಾಡಿದವರು, ಗೇರು ತುಳಿದವರು ಎಷ್ಟು ಮಂದಿ ಎಂಬುದನ್ನು ಕಾಲಡಿಯ ರಬ್ಬರು ಹೇಳುತ್ತದೆ ಎಂದು ಅವರ ವಾದ.

ಅವರ ಇನ್ನೊಂದು ಸೂತ್ರ ಕುಂಕುಮದ್ದು. ನಮ್ಮ ಸೀಮೆಯ ಗಾಡಿ ಎಂದಮೇಲೆ ವರ್ಷಕ್ಕೊಂದು ಆಯುಧಪೂಜೆ ಕಂಡೇ ಇರುತ್ತದೆ. ಎಷ್ಟು ತೊಳೆದರೂ ಹೆಡ್‌ಲೈಟಿನ ಬಳೆಯ ಹಿಂದೆ, ನಂಬರ್ ಪ್ಲೇಟಿನ ಸಂದಿಯಲ್ಲಿ, ಅರಿಶಿನ ಕುಂಕುಮ ಎಣ್ಣೆಜಿಡ್ಡಿನ ಜೊತೆ ಸೇರಿ ಪದರಪದರವಾಗಿ ಕೂತಿರುತ್ತದೆ. ಅದು ಇಲ್ಲವೆಂದರೆ ಗಾಡಿಯನ್ನು ಪೂರ್ತಿ ಬಿಚ್ಚಿ ಕೆರೆದು ಹೊಸ ಬಣ್ಣ ಹೊಡೆಸಿದ್ದಾರೆ. ಹೊಸ ಬಣ್ಣ ಹೊಡೆಸಿದ್ದಾರೆಂದರೆ ಎಲ್ಲೋ ಮುರಿದದ್ದನ್ನು ಮುಚ್ಚಿದ್ದಾರೆ. "ಕುಂಕುಮ ಇಲ್ಲದ ಹಳೇ ಗಾಡಿ ಹತ್ತಿರಕ್ಕೂ ಹೋಗಬೇಡ" ಎಂದು ನನಗೆ ಎಷ್ಟು ಸಲ ಹೇಳಿದ್ದರೋ.

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ಅವರ ಮೇಲೇ ಅನುಮಾನವಿತ್ತು. ಗಾಡಿ ಹತ್ತಲು ಬಾರದ ಮನುಷ್ಯನಿಗೆ ಮಂದಿಯ ಗಾಡಿಯ ಮೇಲೆ ಇಷ್ಟು ಆಸಕ್ತಿ ಯಾಕೆ? ಯಾರದೋ ಪರವಾಗಿ ದಲ್ಲಾಳಿ ಕೆಲಸ ಮಾಡುತ್ತಿರಬೇಕು ಎಂದುಕೊಂಡಿದ್ದೆ. ಅನುಮಾನ ಪಡುವುದು ನನ್ನ ಕಸುಬಿನಿಂದಲೇ ಬಂದದ್ದು. ದನದ ಆಸ್ಪತ್ರೆಯವನು ನಾನು. ಜಾತ್ರೆಯಲ್ಲಿ ಎತ್ತಿನ ಕೊಂಬು ಕೆತ್ತಿ ಎಣ್ಣೆ ಹಚ್ಚಿ ವಯಸ್ಸು ಇಳಿಸುವವರನ್ನು ನೋಡಿ ನೋಡಿ, ಒಳ್ಳೆಯ ಮಾತಾಡುವವನನ್ನು ಕಂಡರೆ ಮೊದಲು ಹಲ್ಲು ನೋಡಬೇಕೆನ್ನಿಸುತ್ತಿತ್ತು.

ನನಗೆ ಹಳೇಕೋಟೆ ಕಡೆಯ ಪಶು ಚಿಕಿತ್ಸಾಲಯದಲ್ಲಿ ಕೆಲಸ. ನಾನು ಬರಿಯ ಜಾನುವಾರು ಇನ್ಸ್‌ಪೆಕ್ಟರಾದರೂ ಜನರ ಬಾಯಲ್ಲಿ ಡಾಕ್ಟ್ರು. ತೊಂಬತ್ತರ ದಶಕದ ಕೊನೆಯಲ್ಲಿ ಅರಕಲಗೂಡು ತಾಲ್ಲೂಕಿನ ಗುಡ್ಡದ ಮಗ್ಗುಲಿನ ಹಳ್ಳಿಗಳನ್ನೂ ನನ್ನ ತಲೆಗೇ ಕಟ್ಟಿದರು. ಅಲ್ಲಿಗೆ ಬಸ್ಸು ಹೋಗುವುದು ಅರ್ಧ ದಾರಿ. ಮಿಕ್ಕದ್ದು ಕಲ್ಲು, ಹಳ್ಳ, ಮತ್ತೆ ಕಲ್ಲು. ಒಂದು ಮನೆಯಲ್ಲಿ ಕರು ಹಾಕಲಾರದೆ ಒದ್ದಾಡುತ್ತಿದ್ದ ಹಸು ನಾನು ನಡೆದು ಮುಟ್ಟುವ ಹೊತ್ತಿಗೆ ಕಾಲು ಚಾಚಿತ್ತು. ಆ ಮನೆಯ ಹೆಂಗಸು ಬೈಯಲಿಲ್ಲ, "ಬನ್ನಿ ಸಾ, ನೀರ್ ಕುಡ್ಕಳಿ" ಎಂದಳು. ಬೈದಿದ್ದರೇ ಚೆನ್ನಾಗಿತ್ತು. ಅವತ್ತೇ ಗಾಡಿ ಕೊಳ್ಳುವುದೆಂದು ತೀರ್ಮಾನ ಮಾಡಿದೆ.

ಈಗಿನ ಹುಡುಗರು ಅಡ್ವೆಂಚರ್ ಬೈಕು ಎನ್ನುತ್ತಾರೆ. ಆಗ ನಮ್ಮ ಕಡೆ ಆ ಮಾತಿರಲಿಲ್ಲ. ಕಲ್ಲುದಾರಿಗೆ ಆಗುವ ಗಾಡಿ ಎಂದರೆ ಒಂದು ಬುಲೆಟ್ಟು, ಇನ್ನೊಂದು ಯೆಜ್ಡಿ. ನನ್ನ ಕೈಗೆ ಎಟುಕುವುದು ಎರಡರಲ್ಲೂ ಹಳೆಯದೇ. ಯೆಜ್ಡಿ ಹಗುರ, ಆಡಿನಂತೆ ಕಲ್ಲಿನಿಂದ ಕಲ್ಲಿಗೆ ಹಾರುತ್ತದೆ. ಆದರೆ ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು, ಒಂದೇ ಸರಳು ಕಿಕ್ಕಿಗೂ ಗೇರಿಗೂ. ಬುಲೆಟ್ಟು ಭಾರ, ನೆಲ ಬಿಡುವುದಿಲ್ಲ. ಆದರೆ ಒದೆಯಲು ತಿಳಿಯದವನನ್ನು ತಿರುಗಿ ಒದೆಯುತ್ತದೆ. ನಾನು ಒಂದು ತಿಂಗಳು ಇದರಲ್ಲೇ ತೊಳಲಾಡಿದೆ. ಅರ್ಚಕರನ್ನು ಕೇಳಿದರೆ, "ಯಾವ ಜಾತಿ ಗಾಡಿ ಅನ್ನೋದು ಆಮೇಲಿನ ಮಾತು ಕಣಯ್ಯ. ಯಾರ ಮನೇದು ಅದನ್ನ ಹೇಳು" ಎಂದರು. ಕರೆಯದೆಯೇ ನನ್ನ ಜೊತೆ ಹೊರಟೂ ಬಿಟ್ಟರು.

ಮೊದಲು ಚನ್ನರಾಯಪಟ್ಟಣದ ಯೆಜ್ಡಿ. ಮಾರುವವನು ಕೊಬ್ಬರಿ ವ್ಯಾಪಾರಿ. ಗಾಡಿಯನ್ನು ತೊಳೆದು ಅಂಗಳದ ನಡುವೆ ಹಾರ ಹಾಕಿ ನಿಲ್ಲಿಸಿದ್ದ. "ಬನ್ನಿ ಸಾಮಿ. ಒಂದೇ ಕೈ ಗಾಡಿ, ದ್ಯಾವ್ರಂಗೆ ಮಡಿಕ್ಕಂಡಿವ್ನಿ" ಎಂದ. ಅರ್ಚಕರು ಹೆಡ್‌ಲೈಟಿನ ಬಳೆಯ ಹಿಂದೆ ಬೆರಳು ಹಾಕಿದರು. ಬೆರಳು ಕೆಂಪಾಗಿ ಬಂತು. ನಂಬರ್ ಪ್ಲೇಟಿನ ಸಂದಿ, ಫೋರ್ಕಿನ ಬುಡ, ಟ್ಯಾಂಕಿನ ಅಡಿ, ಎಲ್ಲೆಲ್ಲೂ ಕುಂಕುಮ. ಅಬ್ಬ, ಗೆದ್ದೆವು ಎಂದುಕೊಂಡೆ. ಅರ್ಚಕರು ಬೆರಳನ್ನು ಮೂಗಿಗೆ ಹಿಡಿದರು, ಎಡಗಣ್ಣು ಮುಚ್ಚಿತು.

"ಹೋದ ವರ್ಷ ಆಯುಧಪೂಜೆಗೆ ಯಾವ ಕುಂಕುಮ ಹಚ್ಚಿದ್ದೆಯಯ್ಯ?"

"ಇದೇಯ ಸಾಮಿ, ಅಂಗ್ಡಿ ಕುಂಕ್ಮ."

"ಅದರ ಹಿಂದಿನ ವರ್ಷ?"

"ಅದೂ ಇದೇಯ."

"ಅಷ್ಟು ವರ್ಷದ ಕುಂಕುಮ ಇನ್ನೂ ಒದ್ದೆಯಾಗೇ ಇದೆಯಲ್ಲಯ್ಯ!"

ವ್ಯಾಪಾರಿ ತಲೆ ಕೆರೆದುಕೊಂಡ. ಅರ್ಚಕರು ಉಗುರಿನಿಂದ ಕುಂಕುಮ ಕೆರೆದರು. ಅದರಡಿ ಮಿರಿಮಿರಿ ಹೊಸ ಬಣ್ಣ, ಬಣ್ಣದಡಿ ಬೆರಳಿಗೆ ಸಿಗುವ ವೆಲ್ಡಿಂಗ್ ಗಂಟು. ಸಿಕ್ಕಿಬಿದ್ದವನಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚಾಯಿತು. "ನಿಮ್ಮಿಂದ್ಲೇ ಅಲ್ವಾ ಸಾಮಿ ಇದೆಲ್ಲ! ಕುಂಕ್ಮ ಇಲ್ದಿದ್ರೆ ಅರ್ಚಕ್ರು ಒಪ್ಪಾಕಿಲ್ಲ ಅಂದ್ರು, ಅದ್ಕೇ ಅಚ್ಚಿದ್ದು" ಎಂದ.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅರ್ಚಕರು ನಗಲಿಲ್ಲ. ಚಾಚಿದ ಕಾಲನ್ನು ದಾರಿಯಲ್ಲಿ ಎಲ್ಲರೂ ಎಡವುವಂತೆ ಇಟ್ಟುಕೊಂಡು, "ನನ್ನ ಸೂತ್ರ ಊರಿಗೆಲ್ಲ ಗೊತ್ತಾಗಿಹೋಗಿದೆ. ಇನ್ನು ಕುಂಕುಮ ಇದ್ದರೂ ನಂಬೋ ಹಾಗಿಲ್ಲವಲ್ಲಯ್ಯ" ಎಂದರು.

ಎರಡನೆಯದು ಕಟ್ಟಾಯದ ಬುಲೆಟ್ಟು. ಹೈಸ್ಕೂಲು ಮೇಷ್ಟರೊಬ್ಬರದು. ಮೇಷ್ಟರು ತೀರಿಕೊಂಡು ವರ್ಷವಾಗಿತ್ತು, ಮಾರುತ್ತಿದ್ದವಳು ಅವರ ಮಗಳು. ಅವಳೂ ಶಾಲೆಯಲ್ಲಿ ಟೀಚರು. ನಾವು ಹೋದ ಕೂಡಲೇ ಎರಡು ಲೋಟ ಮಜ್ಜಿಗೆ ತಂದಳು. ನಾನು ಒಳಗೆ ಹೋಗಿ ಕುಡಿದೆ. ಗೋಡೆಯ ಮೇಲೆ ಬುದ್ಧನ ದೊಡ್ಡ ಪಟವಿತ್ತು. ಅರ್ಚಕರು ಅಂಗಳದಲ್ಲೇ ನಿಂತು, "ನನಗೆ ಇವತ್ತು ಉಪವಾಸ ಕಣಮ್ಮ" ಎಂದು ಗಾಡಿಯ ಕಡೆ ನಡೆದರು. ಬೆಳಿಗ್ಗೆ ಹೊಳೆನರಸೀಪುರದಲ್ಲಿ ನಾನೂ ಅವರೂ ಒಟ್ಟಿಗೆ ಉಪ್ಪಿಟ್ಟು ತಿಂದಿದ್ದೆವು. ಅವಳು ಲೋಟವನ್ನು ಒಂದು ಗಳಿಗೆ ಹಾಗೇ ಹಿಡಿದು ನಿಂತು, ಒಳಗೆ ತೆಗೆದುಕೊಂಡು ಹೋದಳು.

ಬುಲೆಟ್ಟು ಮಾಸಲು ಕಪ್ಪು, ಅಲ್ಲಲ್ಲಿ ಗೀರು, ಎಲ್ಲ ಹಳೆಯದೇ. ಅರ್ಚಕರು ಹೆಡ್‌ಲೈಟಿನ ಹಿಂದೆ ಬೆರಳು ಹಾಕಿದರು. ಬೆರಳು ಬರಿದಾಗಿ ಬಂತು. ಸಂದಿಗೊಂದಿಯನ್ನೆಲ್ಲ ತಡಕಿದರು. ಒಂದು ಚೂರು ಕುಂಕುಮವಿಲ್ಲ. ಆಮೇಲೆ ಬಗ್ಗಿ ಕಾಲಿಡುವ ರಬ್ಬರು ನೋಡಿದರು.

"ಇದೂ ಒಂದೇ ಕೈ ಗಾಡಿನೇನಮ್ಮ?"

"ಹೂಂ ಸಾ. ನಮ್ಮಪ್ಪ ಹೊಸದೇ ತಗಂಡಿದ್ದು."

"ಕೈ ಒಂದೇ, ಸರಿ. ಕಾಲು ಎಷ್ಟು? ರಬ್ಬರು ಎರಡು ಕಡೆ ಸವೆದಿದೆ. ದೊಡ್ಡ ಕಾಲು ಒಂದು ಜೊತೆ, ಚಿಕ್ಕ ಕಾಲು ಒಂದು ಜೊತೆ."

"ಚಿಕ್ಕವು ನಂದೇ ಸಾ" ಎಂದಳು. "ಅಪ್ಪಂಗೆ ಕಣ್ಣು ಮಂಜಾದ್ಮೇಲೆ ಹಾಸನದ ಆಸ್ಪತ್ರೆಗೆ ನಾನೇ ಕೂರ್ಸ್ಕಂಡು ಓಯ್ತಿದ್ದೆ."

ಅರ್ಚಕರ ಬಲಗಣ್ಣು ಅವಳ ಮುಖದ ಮೇಲೇ ಇತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗೈಯ ಸಣ್ಣ ಲಿವರು ಒತ್ತಿ, ಬ್ಯಾಟರಿ ಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕರನ್ನು ಮೆಲ್ಲಗೆ ತುಳಿದು, ಆಮೇಲೆ ಒಂದೇ ಸಲ ಒದ್ದಳು. ಬುಲೆಟ್ಟು ಎದ್ದು ಕೂತಿತು. ನಾನು ಆಗಲೇ ಸೋತೆ.

ಅರ್ಚಕರು ಸೋಲುವವರಲ್ಲ. "ಅದು ಸರಿಯಮ್ಮ. ಕುಂಕುಮ ಯಾಕಿಲ್ಲ? ಯಾವಾಗ ಬಣ್ಣ ಹೊಡೆಸಿದ್ರಿ? ಎಲ್ಲಿ ಬಿದ್ದಿತ್ತು?"

"ಎಲ್ಲೂ ಬಿದ್ದಿಲ್ಲ, ಬಣ್ಣಾನೂ ಒಡೆಸಿಲ್ಲ ಸಾ. ನಾವು ಬೌದ್ಧರು. ಅಪ್ಪ ಗಾಡಿ ತಗಳಾಕೆ ಮುಂಚೇನೇ ಬೌದ್ಧರಾದ್ರು. ಆಯುಧಪೂಜೆ ದಿನಾನೂ ಬಟ್ಟೇಲಿ ಒರೆಸಿ ಚೈನಿಗೆ ಎಣ್ಣೆ ಬಿಡ್ತಿದ್ರು, ಅಷ್ಟೇಯ."

"ಮಾತು ಚೆನ್ನಾಗಿದೆ" ಎಂದು ಅರ್ಚಕರು ನನ್ನ ಕಡೆ ತಿರುಗಿದರು. ಅವಳಿಗೂ ಕೇಳುವಂತೆಯೇ ಹೇಳಿದರು: "ಅಲ್ಲಿ ಹಚ್ಚಿ ಮೋಸ ಮಾಡಿದ್ರು, ಇಲ್ಲಿ ಹಚ್ಚದೆ ಮಾಡ್ತಿದಾರೆ. ನಡಿಯಯ್ಯ."

ಅವಳ ಮುಖ ಕೆಂಪಾಯಿತು. "ಬೇಡಾಂದ್ರೆ ಬ್ಯಾಡ ಬುಡಿ ಸಾ. ಮೋಸ ಅನ್ನಬೇಡಿ. ನಮ್ಮಪ್ಪನ ಗಾಡಿ ಅದು" ಎಂದಳು. ನನಗೆ ಬಹಳ ಕಸಿವಿಸಿಯಾಯಿತು. ಮುಂದಿನ ವಾರ ಒಬ್ಬನೇ ಹೋಗಿ ಬುಲೆಟ್ಟನ್ನು ಕೊಂಡು ತಂದೆ.

ಬೀದಿಗೆ ಗಾಡಿ ಬಂದ ಸದ್ದಿಗೆ ಅರ್ಚಕರು ಜಗಲಿಗೆ ಬಂದರು. "ತಗೊಂಡೆಯಾ. ಇರಲಿ. ಕಾಯಿ ಮಾತ್ರ ನಾನು ಒಡೆಯಲ್ಲ" ಎಂದು ಒಳಗೆ ಹೋದರು. ನಾನೂ ಕೇಳಲಿಲ್ಲ. ನಿಂಬೆಹಣ್ಣಿಲ್ಲದೆ, ಕಾಯಿ ಇಲ್ಲದೆ ನನ್ನ ಬುಲೆಟ್ಟು ಗುಡ್ಡ ಹತ್ತಿತು.

ಹತ್ತಿತು ನೋಡಿ! ಬಸ್ಸು ನಿಂತಲ್ಲಿಂದ ಮುಂದಿನ ಲೋಕ ನನ್ನದಾಯಿತು. ಸದ್ದು ಕೇಳಿಯೇ "ಡಾಕ್ಟ್ರು ಬಂದ್ರು ಕಣ್ಲಾ, ದನ ಕಟ್ಟಾಕು" ಎನ್ನುವವರೆಗೆ ಬಂತು. ಹಸು, ಎಮ್ಮೆ, ಕುರಿ, ಯಾವುದೂ ನಾನು ತಡವಾಗಿ ಬಂದೆನೆಂದು ಸಾಯಲಿಲ್ಲ. ಆ ದಿನಗಳಷ್ಟು ಖುಷಿಯಾಗಿ ನಾನು ಕೆಲಸ ಮಾಡಿದ್ದೇ ಇಲ್ಲ.

ಅಷ್ಟರಲ್ಲಿ ಒಂದು ಬೆಳಿಗ್ಗೆ ಗಾಡಿಯ ಕತ್ತಿನ ಮೇಲೆ ಒಂದು ಕೆಂಪು ಗೆರೆ ಕಂಡೆ. ಹ್ಯಾಂಡಲ್ ಇರುವ ಕೊಳವೆಗೆ ಗಾಡಿಯ ಮೈ ಬಂದು ಸೇರುವ ಜಾಗವನ್ನು ಕತ್ತು ಎನ್ನುತ್ತಾರೆ. ಅಲ್ಲಿ, ಟ್ಯಾಂಕಿನ ಮುಂದೆ, ದಾರದಷ್ಟು ಸಣ್ಣ ಕೆಂಪು ಗೆರೆ, ಉಂಗುರದಂತೆ ಸುತ್ತಿ ಬಂದಿತ್ತು. ಒರೆಸಿದೆ. ಮರುದಿನ ಮತ್ತೆ ಇತ್ತು, ಮತ್ತೆ ಒರೆಸಿದೆ. ಅರಿಶಿನ ಸುಣ್ಣದ ವಾಸನೆ. ಮಾಟವೇ ಇರಬೇಕು ಎನ್ನಿಸಿತು. ವಿಜ್ಞಾನ ಓದಿದವನು, ಮಾಟ ಮಂತ್ರವೆಲ್ಲ ಸುಳ್ಳೆಂದು ಹಳ್ಳಿಯವರಿಗೆ ಭಾಷಣ ಮಾಡಿದವನು, ಅವತ್ತು ಗಾಡಿ ಹತ್ತದೆ ಬಸ್ಸಿಗೆ ಹೋದೆ.

ಯಾರು ಮಾಡಿಸುತ್ತಿರಬಹುದು? ಯೆಜ್ಡಿ ಹೋಗದೆ ಉಳಿದ ಕೊಬ್ಬರಿ ವ್ಯಾಪಾರಿಯೇ? ಗಾಡಿಯ ಸದ್ದಿಗೆ ದಿನಾ ಗೊಣಗುವ ಎದುರುಮನೆಯವರೇ? ಮಾರಿದ ಮೇಲೆ ಮನಸ್ಸು ತಡೆಯದ ಕಟ್ಟಾಯದ ಟೀಚರೇ? ಅರ್ಚಕರ ಹೆಂಡತಿಯನ್ನು ಕೇಳಿದೆ. ನಾನು ಅಮ್ಮ ಎಂದು ಕರೆಯುತ್ತಿದ್ದ ಆಕೆ, "ನಂಗೇನಪ್ಪ ಗೊತ್ತು" ಎಂದು ಸೊಪ್ಪು ಬಿಡಿಸುತ್ತಾ ತಲೆಯೆತ್ತಲಿಲ್ಲ. ಆಗ ಅಮ್ಮನ ಮೇಲೂ ಅನುಮಾನ ಬಂತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕಿಟಕಿಯ ಹಿಂದೆ ಕೂತು ಕಾದೆ. ಸ್ನಾನ ಮುಗಿಸಿದ ಅರ್ಚಕರು ಒದ್ದೆ ಪಂಚೆಯಲ್ಲೇ ಹಿತ್ತಿಲಿಗೆ ಬಂದರು. ಕೈಯಲ್ಲಿ ಒಂದು ಬಟ್ಟಲು. ಮಡಚದ ಎಡಗಾಲನ್ನು ಪಕ್ಕಕ್ಕೆ ಚಾಚಿ, ಬಲಗಾಲನ್ನು ಮಾತ್ರ ಬಗ್ಗಿಸಿ, ಒಂದು ಕೈಯಲ್ಲಿ ಫುಟ್‌ರೆಸ್ಟ್ ಹಿಡಿದು ಬಾಗಿದರು. ತುಳಸಿ ಕಡ್ಡಿಯನ್ನು ಬಟ್ಟಲಿಗೆ ಅದ್ದಿ, ಉಸಿರು ಹಿಡಿದು ಗೆರೆ ಎಳೆಯತೊಡಗಿದರು. ನಾನು ಹೊರಗೆ ನುಗ್ಗಿದೆ.

"ಏನ್ ಸ್ವಾಮಿ ಇದು? ಪೂಜೆ ಮಾಡಲ್ಲ ಅಂದಿದ್ರಿ?"

ಅವರು ಗೆರೆ ಮುಗಿಸಿಯೇ ತಲೆಯೆತ್ತಿದರು. "ಪೂಜೆ ಯಾರಯ್ಯ ಮಾಡಿದ್ರು? ಇದು ಪೂಜೆ ಅಲ್ಲ. ಇದು ಅನುಮಾನ."

"ಅಂದ್ರೆ?"

"ಅರಿಶಿನಕ್ಕೆ ಸುಣ್ಣ ಕಲಸಿದೀನಿ. ಒಣಗಿದರೆ ಮೊಟ್ಟೆ ಚಿಪ್ಪಿನ ಹಾಗಾಗುತ್ತೆ. ಕೆಳಗೆ ಕಬ್ಬಿಣ ಕೂದಲೆಳೆಯಷ್ಟು ಬಾಯಿ ಬಿಟ್ಟರೂ ಮೇಲೆ ಗೆರೆ ಒಡೆಯುತ್ತೆ. ಗೆರೆ ನೆಟ್ಟಗಿರೋ ತನಕ ನೀನು ಎಲ್ಲಿ ಬೇಕಾದರೂ ಹೋಗು. ನೀನು ನೋಡಿದರೆ ದಿನಾ ಒರೆಸಿ ಹಾಕ್ತೀಯ, ನನಗೆ ದಿನಾ ಬಗ್ಗೋ ಕೆಲಸ!"

ಮಿಕ್ಕದ್ದನ್ನು ಅವತ್ತು ಅಮ್ಮ ಹೇಳಿದರು. ಅರ್ಚಕರಿಗೆ ಒಬ್ಬ ತಮ್ಮನಿದ್ದ. ಹಳೇ ಗಾಡಿಯೊಂದನ್ನು ಕೊಂಡು ತಂದು ಅಣ್ಣನ ಕೈಯಿಂದಲೇ ಪೂಜೆ ಮಾಡಿಸಿದ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಅಣ್ಣನನ್ನೇ ಹಿಂದೆ ಕೂರಿಸಿಕೊಂಡು ಅರಕಲಗೂಡಿನ ರಸ್ತೆಗೆ ಹೊರಟ. ಇಳಿಜಾರಿನಲ್ಲಿ ಗಾಡಿಯ ಕತ್ತು ಮುರಿಯಿತು. ಯಾವಾಗಲೋ ಮುರಿದದ್ದಕ್ಕೆ ವೆಲ್ಡಿಂಗ್ ಮಾಡಿ ಬಣ್ಣ ಹೊಡೆದಿದ್ದರಂತೆ. ಅಣ್ಣನ ಮಂಡಿ ಹೋಯಿತು, ತಮ್ಮ ಉಳಿಯಲಿಲ್ಲ. "ಆ ಬಣ್ಣದ ಮೇಲೆ ಕುಂಕುಮ ಇಟ್ಟಿದ್ದು ಇವರದೇ ಕೈಯಪ್ಪ" ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನಾನು ಗೆರೆಯನ್ನು ಒರೆಸಲಿಲ್ಲ. ದಲ್ಲಾಳಿ ಎಂದುಕೊಂಡಿದ್ದ ನನ್ನ ಬುದ್ಧಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಒಂದು ವರ್ಷ ಗೆರೆ ನೆಟ್ಟಗಿತ್ತು. ಅರ್ಚಕರು ದಿನಾ ನೋಡುವುದು, ನಾನು ದಿನಾ ಛೇಡಿಸುವುದು ನಡೆದೇ ಇತ್ತು. "ಏನ್ ಸ್ವಾಮಿ, ಇವತ್ತು ಅನುಮಾನ ಹೇಗಿದೆ?" ಎಂದರೆ, "ಆರೋಗ್ಯವಾಗಿದೆ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಅವರ ಮನೆಯ ಫೋನಿಗೆ ಗುಡ್ಡದ ಹಳ್ಳಿಯಿಂದ ಕರೆ ಬಂತು. ಎಮ್ಮೆಗೆ ಕರು ಅಡ್ಡ ತಿರುಗಿದೆ, ಬೇಗ ಬರಬೇಕು. ನಾನು ಬ್ಯಾಗು ಹಿಡಿದು ಹಿತ್ತಿಲಿಗೆ ಓಡಿದರೆ ಅರ್ಚಕರು ಗಾಡಿಯ ಪಕ್ಕ ನಿಂತಿದ್ದರು. ಬೀಗದ ಕೈ ಗಾಡಿಯಲ್ಲಿರಲಿಲ್ಲ, ಅವರ ಸೊಂಟದಲ್ಲಿತ್ತು.

"ಗೆರೆ ಒಡೆದಿದೆ" ಎಂದರು.

ಬಗ್ಗಿ ನೋಡಿದೆ. ಕೆಂಪು ಗೆರೆಯ ಒಂದು ಕಡೆ ಕೂದಲಷ್ಟು ಸೀಳು. ಧೂಳೋ, ಒಣಗಿ ಬಿರಿದದ್ದೋ, ಏನೂ ಇರಬಹುದಿತ್ತು. "ಸುಣ್ಣ ಬಿರುಕು ಬಿಟ್ಟಿದೆ ಅಷ್ಟೇ, ಕೊಡಿ ಸ್ವಾಮಿ" ಎಂದೆ. ಅವರು ಅಲ್ಲಾಡಲಿಲ್ಲ. ನನಗೆ ಆ ನೀರು ಕೊಟ್ಟ ಹೆಂಗಸಿನ ಮುಖ ಕಣ್ಣಿಗೆ ಕಟ್ಟಿತು. "ಅಲ್ಲಿ ಎಮ್ಮೆ ಸಾಯ್ತಿದೆ ಸ್ವಾಮಿ!" ಎಂದು ಬೀದಿಗೆ ಕೇಳುವಂತೆ ಕೂಗಿದೆ.

"ಸಾಯಲಿ" ಎಂದರು ಅರ್ಚಕರು. "ನೀನು ಸಾಯಬೇಡ."

ದೇವರ ಪೂಜೆ ಮಾಡುವವರ ಬಾಯಲ್ಲಿ ಆ ಮಾತು ಕೇಳಿ ನಾನು ದಂಗಾದೆ. ಬಸ್ಸು ಹಿಡಿದು, ಹಾಲಿನ ವ್ಯಾನು ಹತ್ತಿ, ಕೊನೆಗೆ ಓಡಿ, ಹಳ್ಳಿ ಮುಟ್ಟಿದೆ. ಎಮ್ಮೆ ಉಳಿಯಿತು. ಕರು ಉಳಿಯಲಿಲ್ಲ. ಆ ಸಂಜೆ ಮನೆಗೆ ಬಂದು ಅರ್ಚಕರ ಮುಖ ನೋಡದೆ ಬಾಗಿಲು ಹಾಕಿಕೊಂಡೆ. ಅವರ ಹುಚ್ಚಿಗೆ ಒಂದು ಜೀವ ಹೋಯಿತಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ಭಾನುವಾರ ಗಾಡಿಯನ್ನು ಟೆಂಪೋಗೆ ಹಾಕಿಸಿ ಹಾಸನಕ್ಕೆ ಒಯ್ದೆವು. ವೆಲ್ಡಿಂಗ್ ಅಂಗಡಿಯವನು ಟ್ಯಾಂಕು ಇಳಿಸಿ, ಕತ್ತಿನ ಬಣ್ಣ ಕೆರೆದು, "ಉಶ್ಶ್" ಎಂದ. ಕೊಳವೆಯ ಅರ್ಧ ಸುತ್ತು ಬಿರುಕು ಬಿಟ್ಟಿತ್ತು. "ಇದ್ರಲ್ಲಿ ಗುಡ್ಡ ಇಳಿದಿದ್ರೆ ಕತೆ ಮುಗೀತಿತ್ತು ಸಾ" ಎಂದ. ನಾನು ಅಲ್ಲೇ ಒಂದು ಟೈರಿನ ಮೇಲೆ ಕೂತೆ.

ಹೆದರಿಕೆ ಇಳಿದ ಮೇಲೆ ಸಿಟ್ಟು ಬಂತು. "ನೀವು ಹೇಳಿದ್ದೇ ನಿಜ ಸ್ವಾಮಿ. ಕಟ್ಟಾಯದವರು ಮುಚ್ಚಿ ಮಾರಿದ್ದಾರೆ" ಎಂದೆ.

ಅರ್ಚಕರು ಬಿರುಕಿನ ಹತ್ತಿರ ಮುಖ ಒಯ್ದು ಬಹಳ ಹೊತ್ತು ನೋಡಿದರು. ಉಗುರಿನಿಂದ ಬಣ್ಣದ ಅಂಚು ಕೆರೆದರು. ಮೂಗಿಗೆ ಹಿಡಿದರು. ಈ ಸಲ ಎರಡೂ ಕಣ್ಣು ತೆರೆದೇ ಇದ್ದವು.

"ಇಲ್ಲ ಕಣಯ್ಯ. ಒಳಗೆ ಬೆಳ್ಳಗೆ ಹೊಳೀತಿದೆ ನೋಡು, ತುಕ್ಕಿಲ್ಲ. ಬಿರುಕು ಹೊಸದು, ನಿನ್ನ ಗುಡ್ಡದ ಕಲ್ಲು ಮಾಡಿದ್ದು. ಬಣ್ಣ ಒಂದೇ ಪದರ, ಮೊದಲಿನದ್ದೇ. ವೆಲ್ಡಿಂಗ್ ಇಲ್ಲವೇ ಇಲ್ಲ." ಉಗುರಿನ ಬಣ್ಣ ಒರೆಸಿಕೊಂಡು, "ಆ ಹುಡುಗಿ ಹೇಳಿದ್ದು ಒಂದೊಂದು ಅಕ್ಷರಾನೂ ನಿಜ" ಎಂದರು. ಪಂಚೆ ಕೊಡವಿ ಎದ್ದು ಕೇಳಿದರು: "ಕಟ್ಟಾಯಕ್ಕೆ ಬಸ್ಸು ಎಷ್ಟು ಹೊತ್ತಿಗಿದೆ?"

ನಮ್ಮನ್ನು ಬಾಗಿಲಲ್ಲಿ ಕಂಡ ಟೀಚರು ಕೈ ಕಟ್ಟಿಕೊಂಡು ನಿಂತಳು. "ಗಾಡಿ ವಾಪಸ್ ತಗಳಲ್ಲ ಸಾ, ಮೊದ್ಲೇ ಯೋಳ್ಬುಡ್ತೀನಿ" ಎಂದಳು.

"ವಾಪಸ್ ಕೊಡಕ್ಕೆ ಬಂದಿಲ್ಲಮ್ಮ" ಎಂದರು ಅರ್ಚಕರು. ಚಪ್ಪಲಿ ಬಿಟ್ಟು ಒಳಗೆ ಬಂದು, ಬುದ್ಧನ ಪಟದ ಕೆಳಗಿನ ಬೆಂಚಿನ ಮೇಲೆ ಕಾಲು ಚಾಚಿ ಕೂತರು. "ಮಜ್ಜಿಗೆ ಇದೆಯೇನಮ್ಮ?"

ಅವಳು ಅವರನ್ನೇ ನೋಡಿದಳು. "ಇವತ್ತು ಉಪವಾಸ ಇಲ್ವಾ ಸಾ?"

"ಅವತ್ತೂ ಇರಲಿಲ್ಲ" ಎಂದರು.

ಅವಳು ಒಳಗೆ ಹೋಗಿ ಲೋಟ ತಂದಳು. ಅರ್ಚಕರು ಎತ್ತಿ ಕುಡಿಯದೆ, ಲೋಟಕ್ಕೆ ಬಾಯಿ ಇಟ್ಟೇ ಕುಡಿದರು. ಮುಗಿಸಿ, "ನಿಮ್ಮ ತಂದೆ ಗಾಡಿ ಚೆನ್ನಾಗಿಟ್ಟಿದ್ರು. ಮೋಸ ಅಂದೆ, ಅದು ನನ್ನ ಬಾಯಿ ತಪ್ಪು" ಎಂದರು. ಅವಳು "ಬುಡಿ ಸಾ" ಎಂದು ಗೋಡೆಯ ಕಡೆ ತಿರುಗಿಕೊಂಡಳು. ಬಸ್ಸಿನವರೆಗೆ ನಮ್ಮ ಜೊತೆ ನಡೆದು ಬಂದಳು. ದಾರಿಯುದ್ದಕ್ಕೂ ಗಾಡಿಯ ಕ್ಲಚ್ಚು ಹೇಗಿದೆ, ಚಳಿಗೆ ಸ್ಟಾರ್ಟ್ ಆಗುತ್ತದೆಯೇ ಎಂದು ನನ್ನನ್ನು ಕೇಳುತ್ತಿದ್ದಳು.

ಕತ್ತು ಸರಿಯಾಗಿ ಬಂದ ಮೇಲೆ ಮುಂದಿನ ಆಯುಧಪೂಜೆಗೆ ಗಾಡಿಯನ್ನು ಗುಡಿಯ ಮುಂದೆ ನಿಲ್ಲಿಸಿದೆ. ಈಗಲಾದರೂ ಕಾಯಿ ಒಡೆಯುತ್ತಾರೆಂದು ನನ್ನ ಎಣಿಕೆ. ಅರ್ಚಕರು ಬಂದರು, ಮಂಗಳಾರತಿ ತಟ್ಟೆ ಹಿಡಿದು ಕೆಳಗೆಲ್ಲ ನೋಡಿದರು, ಎದ್ದರು. "ಇದಕ್ಕೆ ಬೇಡ ಕಣಯ್ಯ. ಅದು ಅವರ ಮನೆ ಗಾಡಿ. ಒರೆಸಿ ಚೈನಿಗೆ ಎಣ್ಣೆ ಬಿಡು" ಎಂದು ಮುಂದಿನ ಲಾರಿಯ ಕಡೆ ಹೋದರು. ಕೆಂಪು ಗೆರೆಯನ್ನು ಮಾತ್ರ ಬಿಡಲಿಲ್ಲ.

ನನಗೆ ಚನ್ನರಾಯಪಟ್ಟಣಕ್ಕೆ ವರ್ಗವಾದ ಮೇಲೂ ಗಾಡಿಯನ್ನು ತೋರಿಸಲು ಹೋಗುತ್ತಿದ್ದೆ. ಕೊನೆಯ ಸಲ ಹೋದಾಗ ಅವರ ಕಣ್ಣಿಗೆ ಪೊರೆ ಬಂದಿತ್ತು. ಜಗಲಿಯ ಪಕ್ಕಕ್ಕೇ ಗಾಡಿ ತರಿಸಿಕೊಂಡು, ಕಿರುಬೆರಳಿನಿಂದ ಗೆರೆಯನ್ನು ಸುತ್ತಲೂ ಸವರಿದರು. ಎಡಗಣ್ಣು ಹಳೆಯ ಅಭ್ಯಾಸದಂತೆ ಮುಚ್ಚಿಕೊಂಡಿತು. "ನೆಟ್ಟಗಿದೆ. ಹೋಗಿಬಾ" ಎಂದರು. ಆ ತಿಂಗಳೇ ಒಂದು ಬೆಳಿಗ್ಗೆ, ಸ್ನಾನ ಮಾಡಿ ಜಗಲಿಯಲ್ಲಿ ಕೂತವರು ಕೂತಂತೆಯೇ ಹೋದರೆಂದು ಅಮ್ಮ ಫೋನು ಮಾಡಿದರು. ನಾನು ಬುಲೆಟ್ಟಿನಲ್ಲೇ ಹೋದೆ. ದಾರಿಯಲ್ಲಿ ಅಳು ಬಂದು ಎರಡು ಕಡೆ ನಿಲ್ಲಿಸಿಕೊಳ್ಳಬೇಕಾಯಿತು.

ಅದಾಗಿ ಕೆಲವು ವರ್ಷಕ್ಕೆ, ನನ್ನ ಸೊಂಟ ನೋವು ಹೆಚ್ಚಾಗಿ, ಗಾಡಿ ಮಾರೋಣವೆಂದು ನಾಲ್ಕು ಜನಕ್ಕೆ ಹೇಳಿದೆ. ಸಾಲಗಾಮೆಯಿಂದ ಒಬ್ಬ ಹುಡುಗ ಬಂದ. ಲಡಾಖಿಗೆ ಹೋಗುತ್ತಾನಂತೆ, ಹಳೇ ಬುಲೆಟ್ಟೇ ಬೇಕಂತೆ. ಬಗ್ಗಿ ಬಗ್ಗಿ ನೋಡಿದ. "ಒಂದೇ ಕೈನಾ ಸಾ?" ಎಂದ. ಆಮೇಲೆ ಟ್ಯಾಂಕಿನ ಮುಂದೆ ಬೆರಳಿಟ್ಟು, "ಇದೇನ್ ಸಾ, ಎಲ್ಲೂ ಕುಂಕ್ಮ ಇಲ್ಲ, ಕತ್ತಿಗೆ ಮಾತ್ರ ಕೆಂಪು ಗೆರೆ? ಏನಾರ ಮುಚ್ಚಿದೀರಾ?" ಎಂದು ನನ್ನ ಮುಖವನ್ನೇ ನೋಡಿದ.

ಅವನ ಅನುಮಾನ ಕಂಡು ನನಗೆ ಎಷ್ಟು ಸಂತೋಷವಾಯಿತೆಂದರೆ ತಬ್ಬಿಕೊಳ್ಳಬೇಕೆನ್ನಿಸಿತು. "ಕೈ ಎರಡು ಕಣಪ್ಪ. ಕಾಲೂ ಎರಡು ಜೊತೆಯಿತ್ತು, ಈಗ ನನ್ನದೂ ಸೇರಿ ಮೂರು. ಕಾಯ್ದ ಕಣ್ಣು ಮಾತ್ರ..." ಎಂದು ಶುರುಮಾಡಿದವನು ಅರ್ಧಕ್ಕೇ ಬಿಟ್ಟು ಕಿರುಬೆರಳಿನಿಂದ ಗೆರೆ ಸವರಿದೆ. ಹುಡುಗನಿಗೆ ಅನುಮಾನ ಇನ್ನೂ ಜಾಸ್ತಿಯಾಯಿತು. "ಯೋಚ್ನೆ ಮಾಡಿ ಬತ್ತೀನಿ ಸಾ" ಎಂದು ಹೋದವನು ಬರಲಿಲ್ಲ. ನಾನೂ ಮತ್ತೆ ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅರಿಶಿನಕ್ಕೆ ಸುಣ್ಣ ಕಲಸಿಕೊಂಡು ಹಿತ್ತಿಲಿಗೆ ಹೋದೆ. ಹಳೆಯ ಗೆರೆ ಒರೆಸಿ ಹೊಸದನ್ನು ಎಳೆದೆ. ಮುಗಿಸಿ ಏಳಲು ಹೋದಾಗ ನೋಡಿಕೊಂಡೆ: ಚೆನ್ನಾಗಿ ಮಡಚುವ ನನ್ನ ಎಡಗಾಲನ್ನು ಪಕ್ಕಕ್ಕೆ ಚಾಚಿಕೊಂಡು ಕೂತಿದ್ದೆ.